ಗುಡುಗು ಮಳೆಯ ಬಿರುಗಾಳಿ: ಹೇರಿದರೆ ಸಾಲದು, ಕಟ್ಟಬೇಕು



ಯುಗಾದಿ ಕಳೆದು ಅಶ್ವಿನಿ ಮಳೆ ಹುಟ್ಟಿತೆಂದರೆ ನಮ್ಮ ಸೀಮೆಯಲ್ಲಿ ಎಲ್ಲರ ಕಣ್ಣೂ ಮುಗಿಲಿನ ಕಡೆಗೆ ತಿರುಗುತ್ತದೆ. ಏಪ್ರಿಲ್ ನಡುವಿನಲ್ಲಿ ಅಶ್ವಿನಿ, ಆ ತಿಂಗಳ ಕೊನೆಗೆ ಭರಣಿ, ಮೇ ಎರಡನೆಯ ವಾರಕ್ಕೆ ಕೃತ್ತಿಕೆ, ಅದರ ಹಿಂದೆಯೇ ರೋಹಿಣಿ. ಇವೆಲ್ಲ ಮುಂಗಾರಿಗೆ ಮುಂಚಿನ ಮಳೆಗಳು. ಇವು ಬಂದರೆ ಹೊಲಕ್ಕೆ ಮೊದಲ ಉಳುಮೆ, ದನಕ್ಕೆ ಹಸಿರು ಮೇವು, ಕೆರೆಗೆ ಒಂದಿಷ್ಟು ನೀರು. ಭರಣಿ ಸುರಿದರೆ ಧರಣಿ ಬದುಕೀತು ಎಂದು ಹಿರಿಯರು ಹೇಳುತ್ತಿದ್ದುದು ಸುಮ್ಮನೆ ಅಲ್ಲ.

ಆದರೆ ಈ ಮಳೆಗಳು ಒಂಟಿಯಾಗಿ ಬರುವುದಿಲ್ಲ. ಗುಡುಗು, ಸಿಡಿಲು, ಕೆಲವೊಮ್ಮೆ ಆಲಿಕಲ್ಲು, ಎಲ್ಲಕ್ಕೂ ಮುಂದಾಗಿ ಬಿರುಗಾಳಿ, ಇವನ್ನೂ ಜೊತೆಗೆ ಕರೆತರುತ್ತವೆ. ಸಿಡಿಲಿಗೆ ನಾವು ಹೆದರುತ್ತೇವೆ. ಗಾಳಿಗೆ ಅಷ್ಟು ಹೆದರುವುದಿಲ್ಲ. "ಗಾಳಿ ತಾನೆ, ಹತ್ತು ನಿಮಿಷ ಬೀಸಿ ಹೋಗುತ್ತದೆ" ಎನ್ನುತ್ತೇವೆ. ಆ ಹತ್ತು ನಿಮಿಷದಲ್ಲಿ ಏನಾಗುತ್ತದೆ, ಏಕೆ ಆಗುತ್ತದೆ, ಅದಕ್ಕೆ ನಮ್ಮ ಕೈಯಲ್ಲಿ ಆಗುವ ಕೆಲಸ ಯಾವುದು ಎಂಬುದೇ ಈ ಸಂಚಿಕೆಯ ಪಾಠ.

ನಾನು ಆಡಿದ ತಪ್ಪು ಮಾತು

ಪಾಠಕ್ಕೆ ಮುಂಚೆ ನನ್ನದೇ ಒಂದು ತಪ್ಪನ್ನು ಒಪ್ಪಿಕೊಳ್ಳಬೇಕು. ಹೋದ ವರ್ಷ ಬೇಸಿಗೆಯಲ್ಲಿ ಒಂದು ಹಳ್ಳಿಗೆ ಬಿತ್ತನೆ ಬೀಜದ ವಿಚಾರ ಹೇಳಲು ಹೋಗಿದ್ದೆ. ಊರ ಕೊನೆಯಲ್ಲಿ ಒಬ್ಬ ಅಜ್ಜಿಯ ಮನೆ. ಮೊಮ್ಮಗನೊಬ್ಬನನ್ನು ಬಿಟ್ಟರೆ ಮನೆಯಲ್ಲಿ ಬೇರೆ ಯಾರೂ ಇಲ್ಲ. ಹಳೆಯ ಮಣ್ಣಿನ ಗೋಡೆಗೆ ಹೊಸದಾಗಿ ಶೀಟು ಹೊದಿಸಿದ್ದರು. ಶೀಟಿನ ಮೇಲೆ ಸಾಲಾಗಿ ಕಲ್ಲು. "ಕಲ್ಲು ಹೇರಿಸಿವ್ನಿ ಸ್ವಾಮಿ, ಗಾಳಿಗೆ ಸಾಕಲ್ವಾ?" ಎಂದು ಕೇಳಿದರು. ನಾನು ಮೇಲಕ್ಕೆ ಒಂದು ಸಲ ನೋಡಿ, "ಸಾಕಜ್ಜಿ, ಸೂರಿನ ಕಡೆ ಇನ್ನೆರಡು ಇಡಿಸಿ" ಎಂದು ಹೇಳಿ ಮುಂದೆ ಹೋದೆ. ಅವರು ಹಾಗೆಯೇ ಮಾಡಿದರು.

ಭರಣಿ ಮಳೆಯ ಒಂದು ಸಂಜೆ ಗಾಳಿ ಎದ್ದಿತು. ನಾಲ್ಕು ಶೀಟು ಹಾರಿ ಪಕ್ಕದ ಹೊಲಕ್ಕೆ ಬಿದ್ದವು. ಶೀಟು ಹಾರಿತು, ಕಲ್ಲು ಹಾರಲಿಲ್ಲ; ಕಲ್ಲು ಮನೆಯೊಳಕ್ಕೇ ಬಿತ್ತು. ಹುಡುಗ ಓದಲು ಕೂರುತ್ತಿದ್ದ ಚಾಪೆಯ ಮೇಲೆ ಎರಡು ಕಲ್ಲು. ಆತ ಆ ಹೊತ್ತಿಗೆ ಮೇಕೆ ಕಟ್ಟಲು ಎದ್ದು ಹೋಗಿದ್ದ. ಮತ್ತೊಂದು ಕಲ್ಲು ಅಜ್ಜಿಯ ಬಲ ಮುಂಗೈ ಮೇಲೆ ಬಿದ್ದು ಮೂಳೆ ಮುರಿಯಿತು. ನಾನು ನೋಡಲು ಹೋದಾಗ ಅವರು ನನ್ನನ್ನು ಬೈಯಲಿಲ್ಲ. "ನೀವು ಹೇಳಿದಂಗೇ ಇಡ್ಸಿದ್ದೆ ಸ್ವಾಮಿ" ಎಂದರು, ಅಷ್ಟೆ. ಕೃಷಿ ಡಿಪ್ಲೊಮಾ ಓದಿದವನು ಗೊಬ್ಬರದ ಲೆಕ್ಕ ಬಲ್ಲೆ, ಗಾಳಿಯ ಲೆಕ್ಕ ಕಲಿತಿರಲಿಲ್ಲ. ಆಮೇಲೆ ಕಲಿತೆ. ಕಲಿತದ್ದನ್ನು ನಿಮ್ಮ ಮುಂದೆ ಇಡುತ್ತಿದ್ದೇನೆ.

ಈ ಗಾಳಿ ಎಲ್ಲಿಂದ ಬರುತ್ತದೆ?

ಬೇಸಿಗೆಯಲ್ಲಿ ನೆಲ ಬೆಳಗಿನಿಂದ ಕಾಯುತ್ತದೆ. ನೆಲಕ್ಕೆ ತಾಗಿದ ಗಾಳಿಯೂ ಬಿಸಿಯಾಗಿ ಹಗುರವಾಗುತ್ತದೆ, ಮೇಲಕ್ಕೆ ಏರುತ್ತದೆ. ಅದರಲ್ಲಿ ತೇವ ಇದ್ದರೆ ಮೇಲಿನ ತಂಪಿಗೆ ಆ ತೇವ ಹನಿಗಟ್ಟಿ ಮೋಡವಾಗುತ್ತದೆ. ಮಧ್ಯಾಹ್ನದ ಮೇಲೆ ಹೂಕೋಸಿನಂತೆ ಉಬ್ಬಿ ಉಬ್ಬಿ ಬೆಳೆಯುವ ಮೋಡವನ್ನು ನೀವೆಲ್ಲ ನೋಡಿದ್ದೀರಿ. ಅದು 10 ರಿಂದ 15 ಕಿಲೋಮೀಟರ್ ಎತ್ತರದವರೆಗೂ ಬೆಳೆಯಬಲ್ಲದು. ಅದರ ನೆತ್ತಿ ಕಮ್ಮಾರನ ಅಡಿಗಲ್ಲಿನಂತೆ ಚಪ್ಪಟೆಯಾಗಿ ಹರಡಿಕೊಂಡರೆ ಗುಡುಗಿನ ಮೋಡ ಬಲಿತಿದೆ ಎಂದು ತಿಳಿಯಬೇಕು.

ಬಲಿತ ಮೋಡದಿಂದ ಹನಿ, ಆಲಿಕಲ್ಲು ಕೆಳಗೆ ಬೀಳತೊಡಗಿದಾಗ ಅವು ತಮ್ಮ ಸುತ್ತಲಿನ ಗಾಳಿಯನ್ನೂ ಕೆಳಕ್ಕೆ ಎಳೆಯುತ್ತವೆ. ಬೀಳುವ ಹನಿಗಳಲ್ಲಿ ಕೆಲವು ದಾರಿಯಲ್ಲೇ ಆವಿಯಾಗುತ್ತವೆ. ಬೆವರು ಆರಿದರೆ ಮೈ ತಂಪಾಗುತ್ತದಲ್ಲವೆ? ಹಾಗೆಯೇ ಆ ಗಾಳಿಯೂ ತಂಪಾಗುತ್ತದೆ. ತಂಪಾದ ಗಾಳಿ ಭಾರ. ಆದ್ದರಿಂದ ಅದು ಇನ್ನಷ್ಟು ರಭಸದಿಂದ ಕೆಳಗೆ ಇಳಿಯುತ್ತದೆ. ಕೊಡದ ನೀರನ್ನು ಅಂಗಳಕ್ಕೆ ಒಮ್ಮೆಲೇ ಸುರುವಿದರೆ ನೀರು ಏನು ಮಾಡುತ್ತದೆ? ನೆಲಕ್ಕೆ ಬಡಿದು ಸುತ್ತ ಎಲ್ಲ ಕಡೆಗೂ ಚಿಮ್ಮಿ ಹರಿಯುತ್ತದೆ. ಮೋಡದಿಂದ ಇಳಿದ ಗಾಳಿಯೂ ಹಾಗೆಯೇ ನೆಲಕ್ಕೆ ಬಡಿದು ಸುತ್ತಲೂ ಹರಡುತ್ತದೆ. ಮಳೆಗೆ ಮುಂಚೆ ಧೂಳೆಬ್ಬಿಸಿಕೊಂಡು ನುಗ್ಗುವ ತಣ್ಣನೆಯ ಗಾಳಿ ಇದೇ.

ನಮ್ಮಲ್ಲಿ ಜೋರು ಗಾಳಿಗೆಲ್ಲ ಸುಂಟರಗಾಳಿ ಎನ್ನುವ ವಾಡಿಕೆ ಉಂಟು. ಆದರೆ ನಮ್ಮ ತೋಟ, ಮನೆ ಕೆಡಿಸುವ ಗಾಳಿ ಬಹುಪಾಲು ಸುತ್ತುವ ಗಾಳಿಯಲ್ಲ, ನೇರವಾಗಿ ನುಗ್ಗುವ ಗಾಳಿ. ಜಪಾನಿನಲ್ಲಿ ಹುಟ್ಟಿ ಅಮೆರಿಕದಲ್ಲಿ ಕೆಲಸ ಮಾಡಿದ ಟೆಟ್ಸುಯಾ ಫುಜಿಟಾ ಎಂಬ ವಿಜ್ಞಾನಿ 1970ರ ದಶಕದಲ್ಲಿ ಇದನ್ನು ಬಿಡಿಸಿ ತೋರಿಸಿದರು. ಬಿರುಗಾಳಿಯ ನಂತರ ವಿಮಾನದಿಂದ ಕಾಡನ್ನು ನೋಡಿದಾಗ ಮರಗಳು ಸುರುಳಿಯಾಗಿ ಅಲ್ಲ, ಒಂದು ನಡುಬಿಂದುವಿನಿಂದ ಹೊರಕ್ಕೆ ಬೀಸಣಿಗೆಯ ಕಡ್ಡಿಗಳಂತೆ ಬಿದ್ದಿದ್ದವು. ಮುಂದೆ 1975ರ ಜೂನ್ 24ರಂದು ನ್ಯೂಯಾರ್ಕಿನಲ್ಲಿ ಇಳಿಯುತ್ತಿದ್ದ ವಿಮಾನವೊಂದು ಗುಡುಗು ಮಳೆಯಲ್ಲಿ ಬಿದ್ದಾಗ, ಅದಕ್ಕೂ ಮೋಡದಿಂದ ಇಳಿದ ಇಂಥ ಗಾಳಿಯೇ ಕಾರಣವೆಂದು ಅವರು ವಿವರಿಸಿದರು. ನೀವೂ ಪರೀಕ್ಷಿಸಬಹುದು. ಮುಂದಿನ ಸಲ ಬಾಳೆ ಬಿದ್ದರೆ ಗಿಡಗಳು ಯಾವ ಕಡೆಗೆ ತಲೆಯಿಟ್ಟಿವೆ ನೋಡಿ. ಎಲ್ಲವೂ ಒಂದೇ ಕಡೆಗೆ, ಅಥವಾ ಬೀಸಣಿಗೆಯಂತೆ ಬಿದ್ದಿದ್ದರೆ ಅದು ಇಳಿಗಾಳಿಯ ಕೆಲಸ.

ಇದರಿಂದ ತಿಳಿಯಬೇಕಾದ್ದು ಎರಡು. ಒಂದು, ಮೋಡ ಯಾವ ಕಡೆ ಇಳಿದರೆ ಆ ಕಡೆಯಿಂದ ಗಾಳಿ ಬರುತ್ತದೆ; ಇದಕ್ಕೆ ಗೊತ್ತಾದ ದಿಕ್ಕಿಲ್ಲ. ಎರಡು, ತಣ್ಣನೆಯ ಗಾಳಿ ಮೈಗೆ ತಾಕಿದ ಮೇಲೆ ನಮಗೆ ಉಳಿಯುವುದು ಕೆಲವೇ ನಿಮಿಷ. ಆಗ ಕಟ್ಟಲು ಹೊರಟರೆ ಕೆಲಸ ಆಗುವುದಿಲ್ಲ. ಕಟ್ಟುವ ಕೆಲಸ ಬಿಸಿಲಿರುವಾಗಲೇ ಮುಗಿಯಬೇಕು.

ಗಾಳಿಯ ಲೆಕ್ಕ

ಗಾಳಿಯ ವೇಗ ಎರಡರಷ್ಟಾದರೆ ಅದರ ಒತ್ತಡ ಎರಡರಷ್ಟಾಗುವುದಿಲ್ಲ, ನಾಲ್ಕರಷ್ಟಾಗುತ್ತದೆ. ವೇಗ ಮೂರರಷ್ಟಾದರೆ ಒತ್ತಡ ಒಂಬತ್ತರಷ್ಟು. ಸ್ಥೂಲವಾಗಿ ಒಂದು ಚದರ ಮೀಟರ್ ಜಾಗದ ಮೇಲೆ,

ಗಂಟೆಗೆ 30 ಕಿ.ಮೀ. ಗಾಳಿ: ಸುಮಾರು 4 ಕಿಲೋ ತೂಕದಷ್ಟು ಒತ್ತಡ
ಗಂಟೆಗೆ 60 ಕಿ.ಮೀ. ಗಾಳಿ: ಸುಮಾರು 17 ಕಿಲೋ
ಗಂಟೆಗೆ 90 ಕಿ.ಮೀ. ಗಾಳಿ: ಸುಮಾರು 39 ಕಿಲೋ

ಈಗ ಅಜ್ಜಿಯ ಮನೆಯ ಶೀಟಿಗೆ ಬರೋಣ. 10 ಅಡಿ ಉದ್ದ, 3 ಅಡಿ ಅಗಲದ ಒಂದು ಶೀಟು ಎಂದರೆ ಸುಮಾರು 2.8 ಚದರ ಮೀಟರ್. ಅದರ ತೂಕ 13 ಕಿಲೋ ಎಂದಿಟ್ಟುಕೊಳ್ಳಿ. ಮೇಲೆ ಐದೈದು ಕಿಲೋದ ನಾಲ್ಕು ಕಲ್ಲು ಇಟ್ಟರೆ ಒಟ್ಟು 33 ಕಿಲೋ. ಗಂಟೆಗೆ 60 ಕಿ.ಮೀ. ಗಾಳಿ ಆ ಶೀಟನ್ನು ಪೂರ್ತಿಯಾಗಿ ಹಿಡಿದರೆ ಬೀಳುವ ಬಲ 48 ಕಿಲೋ. 90 ಕಿ.ಮೀ. ಆದರೆ 100 ಕಿಲೋಗೂ ಮೇಲೆ. ಕಲ್ಲು ಎಲ್ಲಿ ಸಾಕಾಗುತ್ತದೆ?

"ಗಾಳಿ ಅಡ್ಡಲಾಗಿ ಬೀಸುತ್ತದೆ, ಶೀಟನ್ನು ಮೇಲಕ್ಕೆ ಏಕೆ ಎತ್ತಬೇಕು?" ಎಂದು ನೀವು ಕೇಳಬಹುದು. ನಾನೂ ಹಾಗೆಯೇ ಕೇಳಿದೆ. ಗಾಳಿ ಗೋಡೆಗೆ ಬಡಿದು ಚಾವಣಿಯ ಮೇಲೆ ಹಾದು ಹೋಗುವಾಗ ಅಲ್ಲಿ ವೇಗ ಹೆಚ್ಚುತ್ತದೆ, ಒತ್ತಡ ಕಡಿಮೆಯಾಗುತ್ತದೆ. ಅದು ಶೀಟನ್ನು ಮೇಲಕ್ಕೆ ಹೀರಿದಂತೆ. ಸೂರಿನ ಅಂಚು, ಮೂಲೆ, ಕೂಡುನೆತ್ತಿ, ಈ ಜಾಗಗಳಲ್ಲಿ ಹೀರುವಿಕೆ ಬಹಳ. ಜೊತೆಗೆ ಗಾಳಿಯ ಕಡೆಯ ಬಾಗಿಲು ತೆರೆದಿದ್ದರೆ ಒಳಗೆ ನುಗ್ಗಿದ ಗಾಳಿ ಕೆಳಗಿನಿಂದಲೂ ತಳ್ಳುತ್ತದೆ. ಮೇಲಿನಿಂದ ಎಳೆತ, ಕೆಳಗಿನಿಂದ ತಳ್ಳಾಟ. ಮೂರು ಕಡೆ ತೆರೆದಿರುವ ದನದ ಕೊಟ್ಟಿಗೆಯ ಶೀಟು ಮನೆಯ ಶೀಟಿಗಿಂತ ಮೊದಲು ಹಾರುವುದು ಇದೇ ಕಾರಣಕ್ಕೆ.

ಆದಕಾರಣ ಈ ಪಾಠದ ಮುಖ್ಯ ಮಾತು ಇಷ್ಟೇ: ಭಾರ ಹೇರಿದರೆ ಗಾಳಿ ನಿಲ್ಲುವುದಿಲ್ಲ. ಚಾವಣಿಯನ್ನು ತೊಲೆಗೆ, ತೊಲೆಯನ್ನು ಗೋಡೆಗೆ, ಗೋಡೆಯನ್ನು ನೆಲಕ್ಕೆ ಕಟ್ಟಬೇಕು. ಸರಪಳಿಯ ಒಂದು ಕೊಂಡಿ ಕಳಚಿದರೂ ಉಳಿದ ಕೊಂಡಿಗಳು ಇದ್ದು ಫಲವಿಲ್ಲ.

ಕಟ್ಟದೆ ಬಿಟ್ಟರೆ ಆಗುವ ಪ್ರಾಣನಷ್ಟ ನಮ್ಮ ದೇಶ ಕಂಡಿದೆ. 2018ರ ಮೇ 2ರ ರಾತ್ರಿ ರಾಜಸ್ಥಾನ, ಉತ್ತರ ಪ್ರದೇಶಗಳಲ್ಲಿ ಬೀಸಿದ ಧೂಳಿನ ಬಿರುಗಾಳಿ ಮತ್ತು ಗುಡುಗು ಮಳೆಗೆ 100ಕ್ಕೂ ಹೆಚ್ಚು ಜನ ಸತ್ತರು. ಅವರಲ್ಲಿ ಬಹಳ ಮಂದಿ ಮಲಗಿದ್ದಲ್ಲೇ ಗೋಡೆ, ಚಾವಣಿ ಕುಸಿದು ಸತ್ತವರು. ಪಟ್ಟಣವೂ ಇದಕ್ಕೆ ಹೊರತಲ್ಲ. 2024ರ ಮೇ 13ರಂದು ಮುಂಬಯಿಯ ಘಾಟ್‌ಕೋಪರಿನಲ್ಲಿ ಇಂಥದೇ ಗಾಳಿಗೆ ಭಾರಿ ಜಾಹೀರಾತು ಫಲಕವೊಂದು ಪೆಟ್ರೋಲ್ ಬಂಕಿನ ಮೇಲೆ ಬಿದ್ದು 17 ಜನ ತೀರಿಕೊಂಡರು. ಕೊಂದದ್ದು ಬರಿಯ ಗಾಳಿಯಲ್ಲ. ಗಾಳಿಗೆ ತಡೆಯದಂತೆ ನಾವು ನಿಲ್ಲಿಸಿದ ವಸ್ತು.

ಮನೆ, ಕೊಟ್ಟಿಗೆಗೆ ಮಾಡತಕ್ಕ ಕೆಲಸ

1. ಶೀಟಿನ ಮೇಲಿನ ಬಿಡಿ ಕಲ್ಲು, ಇಟ್ಟಿಗೆ, ಹಳೆಯ ಟೈರು, ಮುರಿದ ನೇಗಿಲು ಎಲ್ಲವನ್ನೂ ಇಳಿಸಿ. ಆದರೆ ಕಟ್ಟುವ ಕೆಲಸ ಮುಗಿದ ಮೇಲೆ ಇಳಿಸಿ, ಮೊದಲೇ ಅಲ್ಲ. ಅಲ್ಲಿಯವರೆಗೆ ಕಲ್ಲಿನ ಸಾಲಿನ ಕೆಳಗೆ ಹಾಸಿಗೆ, ತೊಟ್ಟಿಲು ಹಾಕಬೇಡಿ.

2. ಶೀಟನ್ನು ಬರೀ ಮೊಳೆಯಿಂದ ಹೊಡೆದಿದ್ದರೆ ಗಾಳಿ ಮೊಳೆಯನ್ನು ಕಿತ್ತು ಬಿಡುತ್ತದೆ. ಕೆಳಗಿನ ಪೈಪು ಅಥವಾ ಮರವನ್ನು ಅಪ್ಪಿ ಹಿಡಿಯುವ ಜೆ-ಬೋಲ್ಟು ಹಾಕಿಸಿ. ಬೋಲ್ಟು ಶೀಟಿನ ಉಬ್ಬಿನಲ್ಲಿ ಹಾಯಬೇಕು, ತಗ್ಗಿನಲ್ಲಲ್ಲ. ತಗ್ಗಿನಲ್ಲಿ ಹಾಯಿಸಿದರೆ ನೀರು ಸೋರುತ್ತದೆ. ಅಗಲವಾದ ವಾಶರು ತಪ್ಪದೆ ಇರಬೇಕು. ಇಲ್ಲವಾದರೆ ಬೋಲ್ಟು ಅಲ್ಲೇ ಉಳಿದು ಶೀಟು ಹರಿದು ಹೋಗುತ್ತದೆ.

3. ಹೀರುವಿಕೆ ಹೆಚ್ಚಾಗಿರುವ ಸೂರು, ಮೂಲೆ, ಕೂಡುನೆತ್ತಿಗಳಲ್ಲಿ ಬೋಲ್ಟುಗಳನ್ನು ಒತ್ತಾಗಿ ಹಾಕಿಸಿ. ಹಣ ಕಡಿಮೆ ಇದ್ದರೆ ಮೊದಲು ಈ ಜಾಗಗಳನ್ನೇ ಭದ್ರಪಡಿಸಿ. ಗೋಡೆಯಿಂದ ಹೊರಕ್ಕೆ ಚಾಚಿದ ಸೂರು ಉದ್ದವಾದಷ್ಟೂ ಗಾಳಿಗೆ ಹಿಡಿ ಸಿಕ್ಕಂತೆ. ಒಂದೂವರೆ ಅಡಿಗೆ ಮಿತಿ ಇರಲಿ.

4. ಶೀಟು ಮರಕ್ಕೆ ಗಟ್ಟಿಯಾಗಿ, ಮರ ಗೋಡೆಯ ಮೇಲೆ ಬರಿದೇ ಕುಳಿತಿದ್ದರೆ ಇಡೀ ಚಾವಣಿಯೇ ಒಟ್ಟಿಗೆ ಏಳುತ್ತದೆ. ಇಟ್ಟಿಗೆ, ಸಿಮೆಂಟಿನ ಗೋಡೆಯಾದರೆ ಕಟ್ಟುವಾಗಲೇ ಎರಡು ಮೂರು ಅಡಿ ಆಳಕ್ಕೆ ಕಬ್ಬಿಣದ ಸರಳು ಅಥವಾ ಪಟ್ಟಿ ಇಟ್ಟು ಅದರಿಂದ ತೊಲೆಯನ್ನು ಬಿಗಿಯಬೇಕು.

5. ಮಣ್ಣಿನ ಗೋಡೆ ಸರಳನ್ನು ಹಿಡಿದುಕೊಳ್ಳುವುದಿಲ್ಲ. ಅಂಥ ಮನೆಗೆ ಬೇರೆ ದಾರಿ ಉಂಟು. ಗೋಡೆಯಿಂದ ಹೊರಗೆ, ಮೂಲೆಗಳ ಹತ್ತಿರ, ಮೂರು ಅಡಿ ಗುಂಡಿ ತೆಗೆದು ದೊಡ್ಡ ದಿಂಡುಗಲ್ಲಿಗೆ ದಪ್ಪ ತಂತಿ ಸುತ್ತಿ ಹೂಳಿ, ಮಣ್ಣು ದಮ್ಮಸು ಮಾಡಿ. ತಂತಿಯ ಇನ್ನೊಂದು ತುದಿಯನ್ನು ತೊಲೆಯ ತುದಿಗೆ ಬಿಗಿಯಿರಿ. ಕಲ್ಲು ಬೇಡವೆಂದು ನಾನು ಹೇಳುತ್ತಿಲ್ಲ. ಕಲ್ಲಿನ ಜಾಗ ಚಾವಣಿಯ ಮೇಲಲ್ಲ, ನೆಲದ ಕೆಳಗೆ.

6. ಹೆಂಚಿನ ಮನೆಯಲ್ಲಿ ಸೂರಿನ ಮೊದಲ ಎರಡು ಸಾಲು ಮತ್ತು ಅಂಚಿನ ಹೆಂಚುಗಳನ್ನು ತಂತಿಯಿಂದ ರೀಪಿಗೆ ಕಟ್ಟಿ. ನೆತ್ತಿಯ ಹೆಂಚಿಗೆ ಗಾರೆ ಬಿಟ್ಟಿದ್ದರೆ ಮತ್ತೆ ಹಾಕಿಸಿ. ಒಂದು ಹೆಂಚು ಎದ್ದರೆ ಅದರ ಪಕ್ಕದ್ದಕ್ಕೂ ಗಾಳಿ ನುಗ್ಗಲು ದಾರಿಯಾಗುತ್ತದೆ.

7. ಕೊಟ್ಟಿಗೆಯ ಕಂಬಗಳು ನೆಲದ ಮೇಲೆ ಬರಿದೇ ನಿಂತಿರಬಾರದು. ಎರಡರಿಂದ ಮೂರು ಅಡಿ ಒಳಗೆ ಹೂತು ಕಾಂಕ್ರೀಟು ಹಾಕಿರಬೇಕು.

8. ಮನೆಯ ಮೇಲಿನ ಪ್ಲಾಸ್ಟಿಕ್ ನೀರಿನ ತೊಟ್ಟಿಯನ್ನು ಈ ಎರಡು ತಿಂಗಳು ತುಂಬಿಯೇ ಇಡಿ. 500 ಲೀಟರ್ ನೀರು ಎಂದರೆ 500 ಕಿಲೋ. ಬರಿದಾದ ತೊಟ್ಟಿ ಗಾಳಿಗೆ ಉರುಳುತ್ತದೆ. ಕೂರಿಸಿದ ಕಟ್ಟೆ ಗಟ್ಟಿಯಾಗಿರಲಿ.

ಬಾಳೆ ತೋಟ

ನಮ್ಮ ಕಡೆ ಈ ಗಾಳಿಗೆ ಹೆಚ್ಚು ಸೋಲುವ ಬೆಳೆ ಬಾಳೆ. ಬಾಳೆಗೆ ನಿಜವಾದ ಕಾಂಡವಿಲ್ಲ. ನಾವು ಕಾಣುವ ದಿಂಡು ಎಲೆಯ ತೊಟ್ಟುಗಳು ಒಂದರ ಮೇಲೊಂದು ಸುತ್ತಿಕೊಂಡದ್ದು. ಬೇರುಗಳು ಬಹುಪಾಲು ಮೇಲಿನ ಒಂದೂವರೆ ಅಡಿ ಮಣ್ಣಿನಲ್ಲೇ ಇರುತ್ತವೆ. ನೆತ್ತಿಯಲ್ಲಿ ಅಗಲವಾದ ಎಲೆ, ಒಂದು ಮಗ್ಗುಲಿಗೆ ತೂಗುವ ಗೊನೆ. ಏಲಕ್ಕಿ ಬಾಳೆಯ ಗೊನೆ ಹಗುರ, ಗಿಡ ಎತ್ತರ. ಜಿ-9 ಗಿಡ ಕುಳ್ಳು, ಗೊನೆ ಭಾರ. ಎರಡಕ್ಕೂ ಅಪಾಯ ಇದ್ದೇ ಇದೆ.

ನೆಡುವಾಗಲೇ ಲೆಕ್ಕ ಹಾಕಿ. ಜೂನ್‌ನಲ್ಲಿ ನೆಟ್ಟ ಜಿ-9 ಸಾಮಾನ್ಯವಾಗಿ 11-12 ತಿಂಗಳಿಗೆ ಕಟಾವಿಗೆ ಬರುತ್ತದೆ. ಅಂದರೆ ಗೊನೆ ತುಂಬಿ ತೂಗುವುದು ಸರಿಯಾಗಿ ಮರುವರ್ಷದ ಏಪ್ರಿಲ್, ಮೇ ತಿಂಗಳಲ್ಲಿ, ಗಾಳಿಯ ಬಾಯಿಗೆ. ನೀರಿನ ಅನುಕೂಲ, ಮಾರುಕಟ್ಟೆ ಎರಡನ್ನೂ ನೋಡಿಕೊಂಡು ತೋಟದ ಒಂದು ಭಾಗವನ್ನಾದರೂ ಬೇರೆ ತಿಂಗಳಿಗೆ ನೆಟ್ಟರೆ ಎಲ್ಲ ಗೊನೆಯೂ ಒಂದೇ ಸಂಜೆ ನೆಲ ಕಚ್ಚುವುದಿಲ್ಲ.

ಗೊನೆ ಹೊರಟ ಕೂಡಲೇ ಆಸರೆ ಕೊಡಿ. ಗಿಡ ವಾಲುವವರೆಗೆ ಕಾಯಬೇಡಿ. ಎರಡು ಸರ್ವೆ ಗಳಗಳನ್ನು ಕತ್ತರಿಯಂತೆ ಹೂಡಿ ಗೊನೆಯ ಕೊರಳ ಕೆಳಗೆ ಕೊಟ್ಟು, ಗಳದ ಬುಡವನ್ನು ಒಂದೂವರೆ ಅಡಿ ಹೂಳಬೇಕು. ಗಳಕ್ಕೆ ದುಡ್ಡಿಲ್ಲದವರು ಅಗಲವಾದ ಪ್ಲಾಸ್ಟಿಕ್ ಪಟ್ಟಿಯಿಂದ ಒಂದು ಗಿಡದ ಕೊರಳನ್ನು ವಾಲಿದ ದಿಕ್ಕಿಗೆ ಎದುರಾದ ಗಿಡದ ಬುಡಕ್ಕೆ ಕಟ್ಟುತ್ತಾ ಹೋಗಬಹುದು. ಸಣ್ಣ ದಾರ ಬೇಡ, ದಿಂಡನ್ನು ಕೊಯ್ಯುತ್ತದೆ. ಕೊರಳನ್ನು ಕೊರಳಿಗೇ ಕಟ್ಟಿದರೆ ಒಂದು ಬಿದ್ದಾಗ ಇನ್ನೊಂದನ್ನೂ ಎಳೆದುಕೊಂಡು ಬೀಳುತ್ತದೆ, ಬುಡಕ್ಕೇ ಕಟ್ಟಬೇಕು.

ಬುಡಕ್ಕೆ ಮಣ್ಣು ಏರಿಸಿ. ಗೊನೆ ಇರುವ ಗಿಡದ ಕಂದುಗಳನ್ನು ಗುದ್ದಲಿಯಿಂದ ಅಗೆದು ತೆಗೆಯಬೇಡಿ, ತಾಯಿಯ ಬೇರೂ ಹರಿಯುತ್ತದೆ. ನೆಲಮಟ್ಟಕ್ಕೆ ಕುಯ್ದರೆ ಸಾಕು. ಗಾಳಿಯ ಮುನ್ಸೂಚನೆ ಇರುವ ದಿನ ನೀರು ಹಾಯಿಸಬೇಡಿ. ಕೆಸರಾದ ಮಣ್ಣು ಬೇರನ್ನು ಹಿಡಿದಿರುವುದಿಲ್ಲ.

ತೋಟದ ಸುತ್ತ ಗಾಳಿ ತಡೆಯುವ ಮರದ ಸಾಲು ಇದ್ದರೆ ಒಳ್ಳೆಯದು. ಸರ್ವೆ, ಸಿಲ್ವರ್ ಓಕ್, ಗ್ಲಿರಿಸಿಡಿಯ, ಹೊಂಗೆ ಆದೀತು. ಸಾಲು ಗೋಡೆಯಂತೆ ದಟ್ಟವಾಗಿರಬಾರದು. ದಟ್ಟವಾದರೆ ಗಾಳಿ ಮೇಲೆ ಹತ್ತಿ ಆಚೆಗೆ ಸುಳಿಯಾಗಿ ಬೀಳುತ್ತದೆ. ಅರ್ಧ ಗಾಳಿ ಸೋಸಿ ಹೋಗುವಷ್ಟು ಸಂದು ಇದ್ದರೆ ಮರದ ಎತ್ತರದ ಹತ್ತರಷ್ಟು ದೂರಕ್ಕೂ ಗಾಳಿಯ ಬಿರುಸು ಕಡಿಮೆಯಾಗುತ್ತದೆ. ಆದರೆ ಸಾಲಿನ ನಡುವೆ ಮರ ಸತ್ತು ಕಂಡಿ ಬಿದ್ದಿದ್ದರೆ ಗಾಳಿ ಆ ಕಂಡಿಯಲ್ಲೇ ಇನ್ನೂ ಜೋರಾಗಿ ನುಗ್ಗುತ್ತದೆ. ಕಂಡಿಯನ್ನು ಈ ಮಳೆಗಾಲದಲ್ಲೇ ತುಂಬಿಸಿ.

ಬಿದ್ದ ಮೇಲೂ ಎಲ್ಲ ಹೋಯಿತೆಂದು ಕೂರಬಾರದು. ಮುಕ್ಕಾಲು ಬಲಿತ ಗೊನೆಯನ್ನು ಅಂದೇ ಅಥವಾ ಮರುದಿನವೇ ಕಡಿದು ನೆರಳಿಗೆ ಹಾಕಿ, ಬಿಸಿಲು ತಾಕಿದರೆ ಕಪ್ಪಾಗುತ್ತದೆ. ಎಳೆಯದನ್ನು ಪಲ್ಯಕ್ಕೆ, ಚಿಪ್ಸಿಗೆ ಕೊಳ್ಳುವವರು ಉಂಟು. ದಿಂಡನ್ನು ಚೂರು ಮಾಡಿ ಬುಡಕ್ಕೆ ಮುಚ್ಚಿ. ಒಂದು ಬಲವಾದ ಕಂದನ್ನು ಉಳಿಸಿಕೊಂಡರೆ ಹೊಸ ಸಸಿಯ ಖರ್ಚಿಲ್ಲದೆ ಕೂಳೆ ಬೆಳೆ ಬರುತ್ತದೆ.

ಮರ, ಮೆದೆ

ಮನೆಗೆ, ಶಾಲೆಗೆ, ವಿದ್ಯುತ್ ತಂತಿಗೆ ಬಾಗಿದ ಒಣಗೊಂಬೆಗಳನ್ನು ಫಾಲ್ಗುಣದೊಳಗೆ ಕಡಿಸಿ. ತಂತಿಯ ಹತ್ತಿರದ ಕೊಂಬೆಯನ್ನು ನೀವೇ ಕಡಿಯಬೇಡಿ, ಲೈನ್‌ಮನ್‌ಗೆ ತಿಳಿಸಿ. ರಸ್ತೆಗೆ, ಪಾಯಕ್ಕೆ ಒಂದು ಕಡೆಯ ಬೇರು ಕಡಿದ ಮರ, ಬುಡದಲ್ಲಿ ಪೊಟರೆಯಾದ ಮರ, ಇವು ಹಸಿರಾಗಿ ಕಂಡರೂ ಗಾಳಿಗೆ ನಿಲ್ಲುವುದಿಲ್ಲ. ನುಗ್ಗೆ ಮರ ಬಹಳ ಪೆಳಸು. ಮನೆಗೆ ತಾಗಿ ಬೆಳೆಸಬೇಡಿ. ಹಾಗೆಂದು ಇರುವ ಮರವನ್ನೆಲ್ಲ ಹೆದರಿ ಕಡಿಯುವುದೂ ತಪ್ಪು. ಗಟ್ಟಿ ಬೇರಿನ ಮರ ಊರಿಗೆ ಗಾಳಿಯ ತಡೆ.

ರಾಗಿ ಹುಲ್ಲಿನ ಮೆದೆಗೆ ಹಿರಿಯರ ಪದ್ಧತಿಯೇ ಸರಿ. ನೆತ್ತಿಯ ಮೇಲೆ ಹಗ್ಗ ಹಾಯಿಸಿ ಎರಡು ಪಕ್ಕಕ್ಕೂ ನೆಲದ ಹತ್ತಿರಕ್ಕೆ ಬರುವಂತೆ ಕಲ್ಲು ತೂಗುಬಿಡುತ್ತಿದ್ದರು. ಅಲ್ಲಿ ಕಲ್ಲು ಹೇರಿದ್ದಲ್ಲ, ಹಗ್ಗಕ್ಕೆ ಕಟ್ಟಿದ್ದು. ಬಿದ್ದರೂ ಯಾರ ತಲೆಗೂ ಬೀಳುವುದಿಲ್ಲ.

ಗಾಳಿ ಎದ್ದ ದಿನ

ಭಾರತ ಹವಾಮಾನ ಇಲಾಖೆ ಹಸಿರು, ಹಳದಿ, ಕಿತ್ತಳೆ, ಕೆಂಪು ಎಂಬ ಬಣ್ಣಗಳಲ್ಲಿ ಎಚ್ಚರಿಕೆ ಕೊಡುತ್ತದೆ. "ಗಂಟೆಗೆ 40 ರಿಂದ 50 ಕಿ.ಮೀ. ವೇಗದ ಬಿರುಗಾಳಿ ಸಹಿತ ಗುಡುಗು ಮಳೆ" ಎಂಬ ಮಾತು ಕೇಳಿದರೆ ಮೇಲಿನ ಲೆಕ್ಕ ನೆನಪಿಗೆ ಬರಲಿ. ಸಿಡಿಲಿನ ಎಚ್ಚರಿಕೆಗೆ ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆಯ 'ದಾಮಿನಿ' ಆ್ಯಪ್ ಇದೆ. ಮನೆಯಲ್ಲಿ ಓದುವ ಮಕ್ಕಳಿದ್ದರೆ ಅವರ ಕೈಯಲ್ಲಿ ಮೊಬೈಲಿಗೆ ಹಾಕಿಸಿಕೊಳ್ಳಿ.

ಯಂತ್ರವಿಲ್ಲದೆಯೂ ಗಾಳಿಯನ್ನು ಅಳೆಯಬಹುದು. ಇಂಗ್ಲೆಂಡಿನ ನೌಕಾಧಿಕಾರಿ ಫ್ರಾನ್ಸಿಸ್ ಬೋಫರ್ಟ್ 1805ರಲ್ಲಿ ಗಾಳಿಯ ಬಲಕ್ಕೆ ಅಂಕಗಳ ಪಟ್ಟಿಯೊಂದನ್ನು ಮಾಡಿದರು. ಅದು ಮುಂದೆ ನೆಲದ ಗುರುತುಗಳಿಗೂ ಹೊಂದಿಕೊಂಡು ಇಂದಿಗೂ ಬಳಕೆಯಲ್ಲಿದೆ. ಧೂಳು, ಕಾಗದ ಏಳುತ್ತಿದ್ದರೆ ಗಂಟೆಗೆ 20 ರಿಂದ 28 ಕಿ.ಮೀ. ದೊಡ್ಡ ಕೊಂಬೆಗಳು ಅಲ್ಲಾಡಿ ತಂತಿ ಶಿಳ್ಳೆ ಹೊಡೆದರೆ 39 ರಿಂದ 49. ಇಡೀ ಮರವೇ ತೂಗಾಡಿ ಗಾಳಿಗೆ ಎದುರಾಗಿ ನಡೆಯುವುದು ಕಷ್ಟವಾದರೆ 50 ರಿಂದ 61. ಹೆಂಚು ಏಳತೊಡಗಿದರೆ 75ಕ್ಕೆ ಮೇಲೆ. ಬುಡಸಮೇತ ಮರ ಕಿತ್ತರೆ 89ಕ್ಕೆ ಮೇಲೆ. ತಂತಿ ಶಿಳ್ಳೆ ಹಾಕುವ ಹೊತ್ತಿಗೆ ಎಲ್ಲರೂ ಒಳಗಿರಬೇಕು.

ಗಾಳಿಯ ಕಡೆಯ ಬಾಗಿಲು, ಕಿಟಕಿ ಮುಚ್ಚಿ ಅಗುಳಿ ಹಾಕಿ. ಮನೆಯ ಗೋಡೆ ಬಿರುಕು ಬಿಟ್ಟಿದ್ದರೆ, ಚಾವಣಿ ಕಟ್ಟಿರದಿದ್ದರೆ, ಎಚ್ಚರಿಕೆ ಬಂದ ಸಂಜೆಯೇ ಮುದುಕರು, ಮಕ್ಕಳನ್ನು ತಾರಸಿಯ ಮನೆಗೆ ಅಥವಾ ಶಾಲೆಗೆ ಕಳಿಸಿ. ಹಾರುತ್ತಿರುವ ಶೀಟನ್ನು ಹಿಡಿಯಲು ಯಾರೂ ಹೋಗಬಾರದು. ಅದರ ಅಂಚು ಮಚ್ಚಿನಂತೆ. ಮರದ ಕೆಳಗೆ ನಿಲ್ಲಬೇಡಿ, ದನವನ್ನೂ ಕಟ್ಟಬೇಡಿ. ಕೊನೆಯ ಗುಡುಗು ಕೇಳಿ ಅರ್ಧ ಗಂಟೆ ಕಳೆದ ಮೇಲೆ ಹೊರಗೆ ಬನ್ನಿ. ಕಡಿದು ಬಿದ್ದ ತಂತಿಯಲ್ಲಿ ಕರೆಂಟು ಇದೆ ಎಂದೇ ತಿಳಿದು ದೂರ ನಿಂತು 1912ಕ್ಕೆ ಫೋನು ಮಾಡಿ.

ನಷ್ಟವಾದರೆ

ಬಿದ್ದದ್ದನ್ನು ಎತ್ತುವ ಮುಂಚೆ ಫೋಟೋ ತೆಗೆಯಿರಿ. ಹೊಲದ ಗುರುತು ಕಾಣುವಂತೆ ಒಂದು, ಹತ್ತಿರದಿಂದ ಒಂದು. ಗ್ರಾಮ ಆಡಳಿತ ಅಧಿಕಾರಿಗೆ ಬರೆದು ಕೊಟ್ಟು ಸ್ವೀಕೃತಿ ಪಡೆಯಿರಿ, ಬಾಯಿಮಾತು ಸಾಲದು. ಬೆಳೆ ವಿಮೆ ಮಾಡಿಸಿದವರು ಆಲಿಕಲ್ಲಿನ ನಷ್ಟವನ್ನು 72 ಗಂಟೆಯೊಳಗೆ ತಿಳಿಸಬೇಕೆಂದು ಫಸಲ್ ಬಿಮಾ ಯೋಜನೆಯಲ್ಲಿದೆ. ವಿಮೆ ಮಾಡಿಸುವ ದಿನವೇ "ನನ್ನ ಬೆಳೆ ಇದಕ್ಕೆ ಸೇರುತ್ತದೆಯೆ? ಗಾಳಿಯ ನಷ್ಟ ಸೇರುತ್ತದೆಯೆ?" ಎಂದು ಕೇಳಿ ತಿಳಿದುಕೊಳ್ಳಿ. ಗಾಳಿ ಬಂದ ಮೇಲೆ ಕೇಳಿ ಪ್ರಯೋಜನವಿಲ್ಲ.

ಕೊನೆಯ ಮಾತು

ಈ ವರ್ಷ ಶಿವರಾತ್ರಿಯ ಹೊತ್ತಿಗೆ ಅದೇ ಅಜ್ಜಿಯ ಮನೆಗೆ ಹೋಗಿದ್ದೆ. ಊರಿನ ಯುವಕರು ನಾಲ್ಕು ಜನ ಸೇರಿ ಒಂದು ಭಾನುವಾರದಲ್ಲಿ ಕೆಲಸ ಮುಗಿಸಿದ್ದರು. ಹೊಸ ಬೋಲ್ಟು, ವಾಶರು, ನಾಲ್ಕು ಮೂಲೆಗೆ ಹೂತ ಕಲ್ಲು, ಬಿಗಿದ ತಂತಿ. ನಾನೂ ಒಂದು ಗುಂಡಿ ತೋಡಿದೆ. ಅಜ್ಜಿಯ ಕೈ ಕೂಡಿದೆ, ಆದರೆ ಹಾಲು ಕರೆಯುವಷ್ಟು ಬಲ ಬಂದಿಲ್ಲ, ಮೊಮ್ಮಗ ಕರೆಯುತ್ತಾನೆ. ಚಾವಣಿಯಿಂದ ಇಳಿಸಿದ ಉಳಿದ ಕಲ್ಲುಗಳನ್ನು ಬಚ್ಚಲ ಮುಂದೆ ಹಾಸಿಕೊಂಡಿದ್ದಾರೆ. "ಅಲ್ಲಿದ್ದಾಗ ನಮ್ಮನ್ನ ಕಾಯ್ತವೆ ಅನ್ಕೊಂಡಿದ್ದೆ ಸ್ವಾಮಿ, ಇಲ್ಲಿದ್ರೆ ಕಾಲು ಜಾರಲ್ಲ ಅಷ್ಟೆ ಸಾಕು" ಎಂದರು.

ನಿಮ್ಮ ಹಳ್ಳಿಯಲ್ಲಿ ಇನ್ನೂ ಎಷ್ಟು ಮನೆಗಳ ಮೇಲೆ ಕಲ್ಲು ಇದೆ? ಈ ಭಾನುವಾರ ಎಣಿಸಿ. ಭರಣಿ ಮಳೆ ಬರಲಿ, ಚೆನ್ನಾಗಿ ಸುರಿಯಲಿ. ಅದಕ್ಕೆ ಮುಂಚೆ ನಾವು ಕಟ್ಟಿ ಮುಗಿಸಿರೋಣ.

ಯುವಕ ಸಂಘ, ಮಹಿಳಾ ಸಂಘಗಳ ಚರ್ಚೆಗೆ

1. ಗಾಳಿಯ ವೇಗ 30 ರಿಂದ 60 ಕಿ.ಮೀ.ಗೆ ಏರಿದರೆ ಒತ್ತಡ ಎಷ್ಟರಷ್ಟಾಗುತ್ತದೆ?
2. ತೆರೆದ ಕೊಟ್ಟಿಗೆಯ ಶೀಟು ಮನೆಯ ಶೀಟಿಗಿಂತ ಬೇಗ ಏಕೆ ಹಾರುತ್ತದೆ?
3. ಬಾಳೆಯ ಕೊರಳನ್ನು ಪಕ್ಕದ ಗಿಡದ ಬುಡಕ್ಕೆ ಏಕೆ ಕಟ್ಟಬೇಕು?
4. ನಿಮ್ಮ ಊರಿನಲ್ಲಿ ಎಚ್ಚರಿಕೆ ಬಂದ ರಾತ್ರಿ ಯಾರು ಯಾರ ಮನೆಗೆ ಹೋಗಿ ಮಲಗಬಹುದು? ಹೆಸರು ಹೆಸರಾಗಿ ಪಟ್ಟಿ ಮಾಡಿ.

ಗ್ರಾಮಸೇವಕ